ಅಂಚು ಹೊಲಿದ ಚೂರು

…ಬಾಗಿಲು, ಬಾಗಿಲು ನೋಡು ಮೊದಲು! ಪೈಪು ಆಮೇಲೆ. ಬಾಗಿಲು ಸರಿಯಾಗಿ ಕೂರದಿದ್ದರೆ ಯಾವ ವಾಷಿಂಗ್ ಮೆಷಿನ್ನೂ ಒಂದು ತೊಟ್ಟು ನೀರು ಒಳಗೆ ಬಿಟ್ಟುಕೊಳ್ಳಲ್ಲ. ಇನ್ನೊಂದು ಸಲ ಒತ್ತು. ಮೊಣಕೈ ಕೊಟ್ಟು ಒತ್ತು. ಹಾಂ… ಟಕ್ ಅಂತು. ಈಗ ಗುಂಡಿ ಒತ್ತು.

ಬರೀ ಗುಂಯ್ ಅಂತಿದೆಯಾ? ನನಗೂ ಕೇಳಿಸ್ತಿದೆ ಕಣೇ, ಕಿವಿ ಇನ್ನೂ ನನ್ನ ಹತ್ತಿರಾನೇ ಇದೆ. ದೀಪ ಯಾವುದು ಮಿಣುಕ್ತಿದೆ, ಹಸಿರೋ ಕೆಂಪೋ? … ಯಾಕೆ ನಗ್ತೀಯಾ? ನನ್ನ ಎದುರಿಗೇ ಇದೆಯಾ? ಎದುರಿಗಿದ್ದರೆ ಏನಾಯ್ತು, ನಿನ್ನ ಬಾಯಿಂದ ಕೇಳಬಾರದಾ? ಕನ್ನಡಕ ಒಳಗೆ ಬಿಟ್ಟು ಬಂದಿದ್ದೀನಿ. … ಕೆಂಪು. ಸರಿ. ಕೆಂಪು ಅಂದರೆ ನೀರಿಲ್ಲ ಅಂತ ಅರ್ಥ. ಅಷ್ಟು ಹೇಳೋಕೆ ಒಂದು ಮೆಷಿನ್ ಬೇಕಾ?

ನಲ್ಲಿ ತಿರುಗಿಸಿ ನೋಡಿದೆಯಾ? … ತೆರೆದೇ ಇದೆ. ಅಡಿಗೆಮನೆ ನಲ್ಲಿಯಲ್ಲಿ? … ಧಾರಾಳವಾಗಿ ಬರ್ತಿದೆ. ಹಾಗಾದರೆ ಒಳಗೇ ಏನೋ ಸುಟ್ಟು ಹೋಗಿದೆ. ನಮ್ಮ ಕೈಲಾಗೋ ಕೆಲಸ ಅಲ್ಲ ಅದು. ರಿಪೇರಿಯವನಿಗೆ ಹೇಳಿ ಕಳಿಸೋಣ, ನಾಳೆ ಬರಲಿ.

ಸಂಜೆಯೊಳಗೆ ಆಗಬೇಕು ಅಂತ ನನಗೆ ಗೊತ್ತಿಲ್ಲವಾ? ನಿನ್ನೆಯಿಂದ ಅದೇ ರಾಗ, ಅದೇ ಹಾಡು! ಲಾಡ್ಜಿನ ಒಡತಿ ಒಂದು ಗಂಟು ಹಾಸುಬಟ್ಟೆ ಕೊಟ್ಟಿದ್ದಾಳೆ. ಸಂಜೆಯೊಳಗೆ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಒಪ್ಪಿಸಿದರೆ ನಾಳೆಯಿಂದ ಅಲ್ಲಿ ನಿನಗೆ ಕೆಲಸ, ಇಲ್ಲದಿದ್ದರೆ ಎದುರುಮನೆಯವಳಿಗೆ. ಬಾಯಿಪಾಠ ಆಗಿಹೋಗಿದೆ ನನಗೆ. ಇದೆಂಥ ಪರೀಕ್ಷೆ ಅಂತೀನಿ! ಕೈಯಲ್ಲೇ ಒಗೀತೀನಿ ಅನ್ನಬೇಡ. ಅಷ್ಟು ದಪ್ಪದ ಬಟ್ಟೆ ಹಿಂಡಿ ಹಿಂಡಿ ನೀನೇ ಹಿಂಡಿದ ಬಟ್ಟೆ ಆಗ್ತೀಯಾ.

ಹೋಗಲಿ ಬಿಡು, ಇದು ತಪ್ಪಿದರೆ ಇನ್ನೊಂದು… ಏನು? ನನಗೆ ಇಷ್ಟ ಇಲ್ಲವಾ? ಹಾಗಂತ ನಾನು ಬಾಯಿಬಿಟ್ಟು ಹೇಳಿದೆನಾ? ಸೊಸೆ ಹೊಸಿಲು ದಾಟಬಾರದು ಅನ್ನೋ ಅತ್ತೆ ಅಲ್ಲಮ್ಮ ನಾನು. ಜೀವಮಾನ ಎಲ್ಲ ಊರವರ ಬಟ್ಟೆ ಹೊಲಿದು ಮನೆ ನಡೆಸಿದವಳು. ನನ್ನ ಮಗ ಕಣ್ಣು ಮುಚ್ಚಿದ ಮೇಲೂ ನೀನು ಈ ಮನೆ ಬಿಡಲಿಲ್ಲ. ನಿನ್ನ ಅನ್ನಕ್ಕೆ ನಾನು ಅಡ್ಡ ಬರ್ತೀನಾ? ಆದರೆ ಬೆಳಕು ಹರಿಯೋ ಮುಂಚೆ ಹೋಗಿ ಕತ್ತಲಾದ ಮೇಲೆ ಬರೋ ಕೆಲಸ… ನಿನ್ನ ಮೈಗೆ ಆಗಬೇಕಲ್ಲ! ಅದನ್ನೇ ಯೋಚನೆ ಮಾಡ್ತಿದ್ದೆ. ನನ್ನದೇನು! ನಾನು ಕಲ್ಲುಗುಂಡಿನ ಹಾಗಿದ್ದೀನಿ. ಬೆಳಗ್ಗೆ ನೀನು ಮೂರು ಸೂಜಿಗೆ ದಾರ ಪೋಣಿಸಿಟ್ಟು ಹೋದರೆ ಸಾಕು, ಸಂಜೆವರೆಗೆ ನನಗೆ ಯಾರೂ ಬೇಡ.

ವಕೀಲರಿಗೆ ಹೊಲಿದ ಅಂಗಿ ವಾಪಸ್ ಬಂದದ್ದಕ್ಕೂ ಇದಕ್ಕೂ ಏನು ಸಂಬಂಧ? ಈಗ ಯಾಕೆ ಅದನ್ನು ಎತ್ತಿದೆ? ಒಂದು ತೋಳು ಉದ್ದ ಅಂತೆ! ಅವರ ಒಂದು ಕೈ ಗಿಡ್ಡ ಇರಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. … ನಗು, ನಗು. ಈ ಮಾತು ನನಗೇ ತಿರುಗುತ್ತೆ ಅಂತ ತಾನೇ ನಗು? ನಾನೇನೂ ಹೆಗಲು ಮುಟ್ಟಿ ನೋಡ್ಕೊಳ್ಳಲ್ಲ.

ಏಯ್, ಅದೇನು ಸದ್ದು? ಮೆಷಿನ್ ಎಳೀತಿದ್ದೀಯಾ? ಬಿಡು, ಸೊಂಟ ಉಳುಕೀತು! … ಹಟಮಾರಿ. ಸರಿ, ಎಳೆದದ್ದಾಯ್ತು, ಪೈಪು ಎಲ್ಲಾದರೂ ಮಡಚಿಕೊಂಡಿದೆಯಾ ನೋಡು. ಕಣ್ಣಲ್ಲಿ ನೋಡಿದರೆ ಸಾಕು, ಬಿಚ್ಚೋದೇನೂ ಬೇಡ. … ಟಾರ್ಚಾ? ಕೊಡು, ಹಿಡೀತೀನಿ. ಹಿಡಿದಿದ್ದೀನಲ್ಲ! … ಏನು? ಗೋಡೆಗೆ ಬಿಡ್ತಿದ್ದೀನಾ? ಕೈ ನಡುಗಿತು, ವಯಸ್ಸಾಯ್ತು ನನಗೆ. ಈಗ? … ಇನ್ನೂ ಕೆಳಗಾ? … ಈಗ? … ತಗೋ, ನೀನೇ ಇಟ್ಕೋ! ಒಂದು ಕೈಯಲ್ಲಿ ಟಾರ್ಚ್, ಒಂದು ಕೈಯಲ್ಲಿ ಕೆಲಸ. ನಿನಗೆ ನನ್ನ ಸಹಾಯ ಬೇಕೇ ಇಲ್ಲ. ನಾನು ಕೂತ್ಕೊಳ್ತೀನಿ…

ಅಯ್ಯಮ್ಮ! ಈ ಸ್ಟೂಲನ್ನು ಯಾರು ಇಲ್ಲಿಗೆ ಸರಿಸಿದ್ದು? ದಿನಾ ಗೋಡೆ ಹತ್ತಿರ ಇರುತ್ತಲ್ಲ! … ಏನಿಲ್ಲ, ಏನಿಲ್ಲ, ಮೊಣಕಾಲಿಗೆ ಸ್ವಲ್ಪ ತಾಗಿತು. ಏಳಬೇಡ ನೀನು. ವಸ್ತು ಇದ್ದ ಜಾಗದಲ್ಲಿ ಇರಬೇಕು ಅಂತ ನೂರು ಸಲ ಹೇಳಿದ್ದೀನಿ ಈ ಮನೆಯಲ್ಲಿ. ನೂರು ಸಲ!

ಪೈಪು ನೆಟ್ಟಗಿದೆಯಾ? ನೋಡಿದೆಯಾ, ನಾನು ಹೇಳಲಿಲ್ಲವಾ, ಅದರದ್ದೇನೂ ತಪ್ಪಿಲ್ಲ. ಇನ್ನು ಏಳು. … ಅದೇನು ಕಿರ್ ಕಿರ್ ಅಂತ ತಿರುಗಿಸ್ತಿದ್ದೀಯಾ? ನಲ್ಲಿ ಮುಚ್ಚಿದೆಯಾ? ಯಾಕೆ? … ಪೈಪಿನ ಬಾಯಲ್ಲಿ ಜಾಲರಿ ಇರುತ್ತೆ, ಕಸ ಕಟ್ಟಿಕೊಂಡರೆ ನೀರು ಬರಲ್ಲ… ಯಾರು ಹೇಳಿದರು ನಿನಗೆ? ಮೆಷಿನ್ ಜೊತೆ ಕೊಟ್ಟ ಪುಸ್ತಕದಲ್ಲಿದೆಯಾ? ಪುಸ್ತಕದಲ್ಲಿ ನೂರು ಬರೀತಾರೆ! ಕೇಳಿಲ್ಲಿ… ಮನೆ ತುಂಬ ನೀರಾಗುತ್ತೆ. ಹಳೇ ಪೈಪು, ತಿರುಪು ಸವೆದಿದೆ, ತಿರುಗಿ ಕೂರಲ್ಲ. ಬೇಡ ಅಂದೆನಲ್ಲ! ಇಷ್ಟು ವರ್ಷದಲ್ಲಿ ನಾನು ನಿನ್ನ ಹತ್ತಿರ ಏನಾದರೂ ಕೇಳಿದ್ದೀನಾ? ಇವತ್ತು ಕೇಳ್ತಿದ್ದೀನಿ. ಬಿಚ್ಚಬೇಡ. ತಾಯಿ… ನನ್ನ ತಾಯಿ…

ಬಿಚ್ಚಿಯೇ ಬಿಟ್ಟೆ.

… ಯಾಕೆ ಸದ್ದಿಲ್ಲ?

ಬಟ್ಟೆಯಾ? ಪೈಪಿನ ಬಾಯಲ್ಲಿ ಬಟ್ಟೆ ಚೂರಾ? ಎಂಥ ಕಾಲ ಬಂತಪ್ಪ! ಇಲಿ ಎಳ್ಕೊಂಡು ಬಂದಿರಬೇಕು. ಎಸೆದುಬಿಡು ಅದನ್ನು, ಎಸೆ. … ನನ್ನ ಕೈಗೆ ಯಾಕೆ ಇಡ್ತೀಯಾ? ಒದ್ದೆ ಬಟ್ಟೆ. ನಾನೇನು ಮುಟ್ಟಿ ನೋಡೋದು ಇದರಲ್ಲಿ?

… ಹೌದು.

ಹೌದು, ಅಂಚು ಹೊಲಿದಿದೆ. ಇಲಿ ಅಂಚು ಹೊಲಿಯಲ್ಲ. ಗೊತ್ತು.

ಹರಿದ ಚೂರನ್ನು ಹಾಗೇ ತುರುಕಿದರೆ ಎಳೆ ಬಿಚ್ಚಿಕೊಳ್ಳುತ್ತೆ ಕಣೇ. ಎಳೆ ಹೋಗಿ ಮೆಷಿನ್ನಿನ ಒಳಗೆ ಸಿಕ್ಕಿಕೊಂಡರೆ? ನಿನ್ನ ಮೆಷಿನ್ ಕೆಡಿಸೋಕೆ ನನಗೇನು ಹುಚ್ಚಾ? ಕೆಡಿಸಬೇಕಿರಲಿಲ್ಲ, ನಿಲ್ಲಿಸಬೇಕಿತ್ತು. ಒಂದೇ ದಿನ. ಲಾಡ್ಜಿನವಳು ಎದುರುಮನೆಯವಳನ್ನು ಕೆಲಸಕ್ಕೆ ಇಟ್ಕೊಂಡುಬಿಡ್ತಿದ್ದಳು, ನಾನು ಮೆಲ್ಲಗೆ ಈ ಚೂರನ್ನು ಕಿತ್ತು… ಬರೀ ಒಂದು ಚಿಂದಿ ಇಟ್ಟಿದ್ದರೆ ನಿನಗೆ ಗೊತ್ತಾಗ್ತಿತ್ತಾ? ಅಂಚು ಬಿಟ್ಟ ಬಟ್ಟೆ ನನ್ನ ಕೈಯಿಂದ ಯಾವತ್ತೂ ಆಚೆ ಹೋಗಿಲ್ಲ. ಕಳ್ಳತನಕ್ಕೂ ಅಂಚು ಹೊಲಿಯೋಳು ನಾನೊಬ್ಬಳೇ ಇರಬೇಕು ಈ ಲೋಕದಲ್ಲಿ!

ನಗು ಬರಲಿಲ್ಲವಾ ಈಗ?

ಯಾಕೆ ಅಂತ ಕೇಳಬೇಡ. ಮುದುಕಿಯ ಹಟ ಅಂದ್ಕೋ. ಹೊಟ್ಟೆಕಿಚ್ಚು ಅಂದ್ಕೋ. ನೀನು ಹೋಗಿಬಿಟ್ಟರೆ ಹೊತ್ತು ಹೋಗಲ್ಲ, ಅದಕ್ಕೆ ಅಂದ್ಕೋ. ಬೈಯೋದಿದ್ದರೆ ಬೈ, ಕೇಳಿಸ್ಕೊಳ್ತೀನಿ. ನನ್ನ ಹೊಲಿಗೆಗೆ ಮಾತ್ರ ಹೆಸರಿಡಬೇಡ. ನೋಡು ಬೇಕಾದರೆ: ಬಿಳಿ ಬಟ್ಟೆ, ಬಿಳಿ ದಾರ, ಒಂದೇ ಅಳತೆ. ಕದ್ದು ಹೊಲಿದರೂ ಎಷ್ಟು ಅಚ್ಚುಕಟ್ಟಾಗಿ…

ಏನಂದೆ? ಗಟ್ಟಿಯಾಗಿ ಹೇಳು.

ಕೆಂಪಾ?

… ಕೆಂಪು ದಾರ. ಹಾಗಾದರೆ… ಹಾಗಾದರೆ ನೀನೇ ಸೂಜಿ ಅದಲುಬದಲು ಮಾಡಿದ್ದೀಯಾ! ಬಿಳಿ ಯಾವಾಗಲೂ ಎಡಗಡೆ ತಾನೇ ಚುಚ್ಚಿಡೋದು? ಎಡಗಡೆ ಬಿಳಿ, ನಡುವೆ ಕರಿ, ಬಲಗಡೆ ಕೆಂಪು. ಎಷ್ಟು ಸಲ ಹೇಳಿದ್ದೀನಿ! ನಿನ್ನೆ ಮೋಡ ಇತ್ತು, ಬೆಳಕು ಸಾಲಲಿಲ್ಲ. ಅಷ್ಟೇ. ಅಷ್ಟೇ ಆಗಿದ್ದು. ಏನೋ ದೊಡ್ಡದು ಕಂಡುಹಿಡಿದ ಹಾಗೆ ಯಾಕೆ ಸುಮ್ಮನಾದೆ?

ಮುಖಕ್ಕೆ ಗಾಳಿ ತಾಗಿತು. ಏನದು? ಕೈ ಆಡಿಸಿದೆಯಾ? ನನ್ನ ಕಣ್ಣ ಮುಂದೆ ಕೈ ಆಡಿಸಿ ನೋಡ್ತೀಯಾ? ನನ್ನನ್ನು!

ಮಾತಾಡೇ.

… ಎಲ್ಲಿ ಎದ್ದು ಹೋದೆ? ಆ… ಪೈಪು ತಿರುಗಿಸ್ತಿದ್ದೀಯಾ. ಬಿಗಿಯಾಗಿ ತಿರುಗಿಸು. ತಿರುಪು ಸವೆದಿಲ್ಲ, ಸುಳ್ಳು ಹೇಳಿದೆ. ನಲ್ಲಿ ಬಿಟ್ಟೆಯಾ? ಹಾಂ, ನೀರು… ತುಂಬ್ತಿದೆ. ಒಳ್ಳೇದಾಯ್ತು. ಇನ್ನೂ ಹೊತ್ತಿದೆ, ಎಲ್ಲ ಆಗುತ್ತೆ. ಇಸ್ತ್ರಿ ನಾನು ಹಾಕ್ತೀನಿ… ಬೇಡ, ನೀನೇ ಹಾಕು. ಹೋಗು ಕೆಲಸಕ್ಕೆ. ಬೇಡ ಅಂದೆನಾ ನಾನು? ಹೋಗು.

ಈ ಸದ್ದಿನಲ್ಲಿ ನಿನ್ನ ಹೆಜ್ಜೆ ಕೇಳಿಸ್ತಿಲ್ಲ.

ಇಲ್ಲೇ ಇದ್ದೀಯಾ? … ಅಡಿಗೆಮನೆಗೆ ಹೋದೆಯಾ? … ಅಳ್ತಿದ್ದೀಯಾ, ಸಿಟ್ಟಾಗಿದ್ದೀಯಾ, ಅದನ್ನಾದರೂ ಹೇಳು. ನಗು ಬೇಕಾದರೆ, ಆಗಿನ ಹಾಗೆ. ಹೀಗೆ ಸುಮ್ಮನೆ ನಿಲ್ಲಬೇಡವೇ… ನೀನು ಮಾತಾಡಿದರೆ ತಾನೇ ನನಗೆ ಕಾಣೋದು!