ಸ್ಟೇಷನ್‌ಗೆ ಹೋದ ಎಮ್ಮೆಕೊಂಬು

ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ ಹೊರಟ ಬಸ್ಸು. ಮುಂದಿನ ಸೀಟಿನಲ್ಲಿ ಇಬ್ಬರು ಹಿರಿಯರು ಪಿಸ್ತೂಲಿನ, ಅದರ ಹಿಡಿಗೆ ಹಾಕುವ ಗ್ರಿಪ್ಪಿನ ಮಾತೆತ್ತಿದರು. ಇಳಿದುಬಿಡೋಣ ಅನ್ನಿಸಿತು, ಕುತೂಹಲ ಬಿಡಲಿಲ್ಲ.

“ಸಕ್ಲೇನ್ ಭಾಯ್, ಅದಲುಬದಲು ಮಾಡ್ಕೊಂಡಿದ್ದು ಸಾಕು, ತಗೊಳ್ಳಿ ನಿಮ್ಮ ಬೀಟೆಮರದ ಗ್ರಿಪ್ಪು. ನನ್ನ ಎಮ್ಮೆಕೊಂಬಿಂದು ವಾಪಸ್ ಕೊಡಿ.”

“ಹೇಗ್ ಕೊಡ್ಲಿ ಚಿನ್ನಪ್ಪನೋರೆ? ಪಿಸ್ತೂಲಿಗೆ ಹಾಕಿದ್ದೆ. ಎಲೆಕ್ಷನ್ ಅಂತ ಪಿಸ್ತೂಲನ್ನ ಪೊಲೀಸ್ ಸ್ಟೇಷನ್ನಲ್ಲಿ ಡಿಪಾಜಿಟ್ ಮಾಡ್ಬಿಟ್ಟೆ. ಬೇರೆ ಯಾವ್ದಾದ್ರೂ ತಗೊಳ್ಳಿ, ಮನೇಲಿ ಡಬ್ಬಿ ತುಂಬ ಇವೆ.”

“ಡಬ್ಬಿ ನಮ್ಮನೇಲೂ ಇದೆ. ಕೊಂಬಿಂದು ಬಿಚ್ಚಿಟ್ಕೊಂಡು, ಕಂಪನಿಯವರು ಕೊಟ್ಟ ಪ್ಲಾಸ್ಟಿಕ್ ಗ್ರಿಪ್ ಹಾಕಿ ಕೊಡೋದಲ್ವಾ? ನಾನು ಹಾಗೇ ಮಾಡಿದ್ದು.”

“ನಾಲ್ಕು ಜನ ನೋಡೋ ಜಾಗ. ಪಿಸ್ತೂಲನ್ನ ಹಳೇ ಬಟ್ಟೇಲಿ ಕಳ್ಸಕ್ಕಾಗತ್ತಾ?”

ಚಿನ್ನಪ್ಪ ಅವರತ್ತ ತಿರುಗಿದರು.

“ಸ್ಟೇಷನ್ನಲ್ಲಿ ಏನಂದ್ರು?”

“ಸಾಹೇಬ್ರು ತಿರುಗ್ಸಿ ತಿರುಗ್ಸಿ ನೋಡಿದ್ರು. ಏನ್ ಟೇಸ್ಟ್ ರೀ ನಿಮ್ದು ಅಂದ್ರು.”

“ನನ್ನ ಹೆಸರು ಹೇಳಿದ್ರಾ?”

“ಅವರು ಕೇಳ್ಲಿಲ್ಲ.”

“ನಂದನ್ನ ಯಾರೂ ನೋಡ್ಲೇ ಇಲ್ಲ. ಚೀಲಕ್ಕೆ ಹಾಕಿ ಕಟ್ಟಿಟ್ರು.”

“ಬಿಡಿ. ಗುಂಡು ಹೊಡೆಯೋವಾಗ ಯಾವ ಗ್ರಿಪ್ ಇದ್ರೇನು?”

“ನೀವು ಯಾವತ್ತಾದ್ರೂ ಹೊಡ್ದಿದ್ದೀರಾ?”

“ತೌಬಾ! ಕೊಂಬು ಬಿರುಕು ಬಿಟ್ರೆ?”

ಹಲಸೂರು ಬಂತು. ಚಿನ್ನಪ್ಪ ಬೀಟೆಮರದ ಗ್ರಿಪ್ಪನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಎದ್ದರು.

“ಹಾಗಾದ್ರೆ ಇದು ನನ್ ಹತ್ರಾನೇ ಇರ್ಲಿ. ಮುಂದಿನ ಎಲೆಕ್ಷನ್‌ಗೆ ಇದನ್ನ ಹಾಕ್ಸಿ ಕೊಡ್ತೀನಿ, ಅವಾಗ ನೋಡ್ಲಿ.”

“ಅದಕ್ಕೆ ಇನ್ನೂ ಐದು ವರ್ಷ ಇದೆಯಲ್ರೀ.”

“ಅಷ್ಟು ದಿನ ಯಾರು ಕಾಯ್ತಾರೆ? ಯಾರಾದ್ರೂ ಗೆಲ್ಲಲಿ ಭಾಯ್, ಸರ್ಕಾರ ಮಾತ್ರ ಬೇಗ ಬೀಳ್ಲಿ.”