ರನ್‌ವೇ ಕಡೆಗೆ ಮುಖ

ಸಂಜೆ ಪಾಳಿ ಮುಗಿಸಿದವರನ್ನು ತುಂಬಿಕೊಂಡು ಬಸ್ಸು ವಿಮಾನ ನಿಲ್ದಾಣದ ಬೇಲಿಗುಂಟ ನಿಧಾನ ಹೋಗುತ್ತಿತ್ತು. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ಕು, ವಿಮಾನದೊಳಗೆ ಗುಡಿಸುವ ಹೆಂಗಸು. ಕಿಟಕಿಯಾಚೆ, ಕಂಪನಿ ಮುಳುಗಿ ಹನ್ನೊಂದು ವರ್ಷದಿಂದ ಅನಾಥವಾಗಿ ನಿಂತ ದೊಡ್ಡ ವಿಮಾನ.

“ಇವತ್ತೂ ಅದನ್ನ ಎಳೆದ್ರಂತೆ ಅಣ್ಣಾ?”

“ಸೋಮವಾರ ಅಲ್ವೇನಮ್ಮಾ. ವಾರಕ್ಕೊಂದ್ಸಲ ಒಂಚೂರು ಉರುಳಿಸದಿದ್ರೆ ಟೈರು ಚಪ್ಪಟೆಯಾಗುತ್ತೆ.”

“ನಾಳೆ ಗುಜರಿಯವರು ಕತ್ತರಿಸೋಕೆ ಬರ್ತಾರಲ್ಲ, ಇನ್ನೆಂಥ ಟೈರು?”

“ಟ್ರ್ಯಾಕ್ಟರ್ ಕಟ್ಟಿದಾಗೆಲ್ಲ ಸಣ್ಣಗೆ ನಡುಗುತ್ತೆ ಕಣಮ್ಮಾ. ಹೊರಟೆ ಅಂದ್ಕೊಳ್ಳುತ್ತೋ ಏನೋ. ನಾನು ಮತ್ತೆ ಗೋಡೆಗೇ ಮುಖ ಮಾಡಿ ನಿಲ್ಲಿಸಿ ಬರ್ತಿದ್ದೆ.”

“ಇವತ್ತು?”

“ಪೂರ್ತಿ ತಿರುಗಿಸಿ, ರನ್‌ವೇ ಕಡೆ ಮುಖ ಮಾಡಿ ನಿಲ್ಲಿಸಿದೆ.”

“ಯಾರನ್ನ ಕೇಳಿ?”

“ಇಷ್ಟು ವರ್ಷ ಅದನ್ನೇ ಕೇಳೋರಿರಲಿಲ್ಲ, ಈಗ ನನ್ನನ್ನ ಯಾರು ಕೇಳ್ತಾರೆ?”

ಅವಳು ಕಿಟಕಿಗೆ ಹಣೆ ಆನಿಸಿ ನೋಡುತ್ತ ಕೂತಳು. ದೂರದಲ್ಲಿ ಒಂದು ವಿಮಾನ ಮೇಲೆದ್ದಿತು.

“ಗುಜರಿಯವರು ಬಾಲದ ಕಡೆಯಿಂದ ತಾನೇ ಕತ್ತರಿಸೋಕೆ ಶುರು ಮಾಡೋದು?”

“ಹೂಂ.”

“ಹಾಗಾದ್ರೆ ಅದಕ್ಕೆ ಕಾಣಿಸೋದಿಲ್ಲ ಬಿಡಿ.”

ಸ್ಟಾಪು ಬಂತು. ಆ ಹಿರಿಯರು ಅವಳ ಚೀಲ ಎತ್ತಿಕೊಂಡು ಮೊದಲು ಇಳಿದರು.