ಇಂಜಿನ್ ನಿಂತ ಮೇಲೆ ಮೂತಿ ಎತ್ತಬಾರದು

ಅಧ್ಯಕ್ಷರಾದ ಚಿಕ್ಕಸ್ವಾಮಿಯವರೇ, ಹಾರ ತಂದಿರುವ ಅತಿಥಿಗಳೇ, ಹಿಂದೆ ನಿಂತು ಇನ್ನೂ ಮಾತಾಡುತ್ತಲೇ ಇರುವ ಸಭಿಕರೇ,

ಪೈಲಟ್ ತರಬೇತಿಯಲ್ಲಿರುವ ನನ್ನ ಮೊಮ್ಮಗಳು ಸಹನ, ಇಂಜಿನ್ ಕೆಟ್ಟ ವಿಮಾನವನ್ನು ನಮ್ಮ ಹೊಲದಲ್ಲಿ ಇಳಿಸಿದಳೆಂದು ಡೇರಿ ಸಂಘದವರು ಈ ಸನ್ಮಾನ ಇಟ್ಟುಕೊಂಡಿದ್ದಾರೆ. ಸಂತೋಷ. ಆದರೆ ಅವಳ ಅಪ್ಪ, ನನ್ನ ಮಗ ದಿಲೀಪ, "ಇನ್ನು ಹಾರೋದು ಸಾಕು ಅಂತ ವೇದಿಕೆ ಮೇಲೇ ಹೇಳ್ಬುಡವ್ವ" ಎಂದಿದ್ದಾನೆ. ನಮ್ಮ ಮನೆಯಲ್ಲಿ ನನ್ನ ಮಾತೇ ಕೊನೆ. ಹೇಳುತ್ತೇನೆ. ಮೊದಲು ನಡೆದದ್ದನ್ನು ಕೇಳಿ.

ರಾಗಿ ತೆನೆಯನ್ನು ನಾಗಮಂಗಲದ ರಸ್ತೆಗೆ ಹರಡಿ ಬಸ್ಸು ಲಾರಿಗಳಿಂದ ತುಳಿಸುವುದು ನಮ್ಮ ಕಡೆಯ ಪದ್ಧತಿ. ಸಭೆಯಲ್ಲಿ ಪೊಲೀಸಿನವರಿದ್ದರೆ ಕ್ಷಮಿಸಿ. ಅಂದು ರಸ್ತೆ ಬದಿಯಲ್ಲಿ ಅದನ್ನು ತೂರುತ್ತಿದ್ದೆವು. ಸದ್ದೇ ಇಲ್ಲದೆ ಒಂದು ವಿಮಾನ ನಮ್ಮತ್ತ ಬಂತು. ಜೊತೆಗೆ ತೂರುತ್ತಿದ್ದ ಬೆಟ್ಟಮ್ಮ ಓಡಿದಳು. ನಾನು ಮಾಡಿದ್ದೇನು? ಟಾರ್ಪಾಲು ತಂದು ರಾಗಿ ರಾಶಿ ಮುಚ್ಚಿದೆ!

ಅದು ಕೊಯ್ಲಾದ ಹೊಲದಲ್ಲಿ ಕುಪ್ಪಳಿಸಿ, ಬದುವಿನ ಹತ್ತಿರ ನಿಂತಿತು. "ಯಾವನ್ಲಾ ಅವ್ನು, ಕಣ್ ಕಾಣಕಿಲ್ವಾ?" ಎನ್ನುತ್ತಾ ಮೊರ ಎತ್ತಿಕೊಂಡೇ ಹೋದೆ. ಬಾಗಿಲು ತೆರೆಯಿತು.

"ನಾನು ಕಣಜ್ಜಿ! ಗಾಳಿಗೆ ಎದುರಾಗಿ ಇಳಿಸ್ಬೇಕು. ನೀನು ತೂರ್ತಿದ್ದ ಹೊಟ್ಟು ನೋಡ್ಕಂಡೇ ಗಾಳಿ ಯಾವ್ ಕಡೆ ಅಂತ ಗೊತ್ತಾಗಿದ್ದು."

ಎತ್ತಿದ ಮೊರವನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡೆ. ಯಾರೂ ನೋಡಲಿಲ್ಲ.

ನಾನು ಹೈಸ್ಕೂಲು ಓದಿದವಳು, ತಿಳಿಯುವ ತನಕ ಬಿಡುವವಳಲ್ಲ. ಮುದ್ದೆ ಉಣ್ಣುವಾಗ ಕೇಳಿದೆ: "ಇಂಜಿನ್ ನಿಂತ್ರೆ ಕಲ್ಲಿನಂಗೆ ಬೀಳ್ಬೇಕಲ್ವಮ್ಮಿ?"

"ಹದ್ದು ರೆಕ್ಕೆ ಬಡೀದೆ ಜಾರಲ್ವಾ, ಅಂಗೆ ಕಣಜ್ಜಿ. ಇನ್ನೂ ದೂರ ಹೋಗಣ ಅಂತ ಮೂತಿ ಎತ್ಬುಟ್ರೆ ವೇಗ ಸತ್ತೋಯ್ತದೆ, ಆಗ ಬೀಳ್ತದೆ. ಒಸಿ ತಗ್ಗಿಸಿ, ಒಂದೇ ವೇಗ ಹಿಡ್ಕಂಡ್ರೆ ಬಲು ದೂರ ತೇಲ್ಕಂಡ್ ಬತ್ತದೆ."

ತಗ್ಗಿದರೆ ದೂರವೇ? ಎಂಥ ಆಶ್ಚರ್ಯ! ಯಜಮಾನರು ಹೋದ ಮೇಲೆ ನಾನು ತಲೆ ಎತ್ತಿಯೇ ಬಾಳಿದವಳು. ಒಂದು ಮಾತಿಗೆ ಮುನಿದು, ಪಾಂಡವಪುರದಲ್ಲಿರುವ ತಮ್ಮನ ಮನೆ ಹೊಸಿಲು ತುಳಿಯಲಿಲ್ಲ. ಅವನೂ ಬರಲಿಲ್ಲ. ಈಗ ಅವನಿಗೂ ಮಂಡಿನೋವಂತೆ... ಅದಿರಲಿ, ಮಾತು ಎಲ್ಲಿಗೋ ಹೋಯಿತು.

"ಕೈ ನಡುಗ್ಲಿಲ್ವಾ?" ಎಂದೆ. "ಇಳಿದ್ಮೇಲೆ ನಡುಗ್ತು. ನೀನು ಮೊರ ಎತ್ಕಂಡು ಬಂದ್ಯಲ್ಲಾ, ಆಗ" ಎಂದಳು.

ದಿಲೀಪ, ಕೇಳಿಸಿಕೋ. ಸಹನ ಹಾರುತ್ತಾಳೆ. ಲೈಸೆನ್ಸ್ ಬಂದ ಮೇಲೆ ಅವಳ ಪಕ್ಕದ ಸೀಟು ನನ್ನದು. ಮೇಲೆ ಹೋದ ಮೇಲೆ ಇಂಜಿನ್ ಸದ್ದು ಅಡಗಿಸಿ ತೋರಿಸು ಎಂದು ಈಗಾಗಲೇ ಹೇಳಿದ್ದೇನೆ. ಅದು ಹೇಗೆ ಜಾರುತ್ತದೆಂದು ನಾನೇ ನೋಡಬೇಕು. ಪಾಂಡವಪುರದ ಮೇಲೆ ಹಾದುಹೋದರೂ ನನ್ನ ಅಡ್ಡಿಯಿಲ್ಲ.

ಹಾರ ಅವಳಿಗೆ ಹಾಕಿ. ಟಾರ್ಪಾಲು ಹುಡುಕಿದವಳಿಗೆ ಬೇಡ. ಕೂತು ಕೇಳಿದವರಿಗೂ, ಕೊನೆಗಾದರೂ ಸುಮ್ಮನಾದ ಹಿಂದಿನವರಿಗೂ ವಂದನೆ. ನಮಸ್ಕಾರ.